ಅಪೂರ್ಣ ಜ್ಞಾನ, ಪೂರ್ಣ ಹೊಣೆ

ಒಂದು ಕ್ರಿಯೆಯ ಫಲವು ಆ ಕ್ಷಣದಲ್ಲಿಯೇ ಕಣ್ಣಿಗೆ ಬಿದ್ದರೆ ಅದರ ಗುಣದೋಷಗಳ ನಿರ್ಣಯವು ಅಷ್ಟು ಕಷ್ಟವಾಗುವುದಿಲ್ಲ. ಹೊಡೆದವನ ಎದುರಿನಲ್ಲಿಯೇ ಹೊಡೆಸಿಕೊಂಡವನು ನೆಲಕ್ಕೆ ಬಿದ್ದು ರಕ್ತ ಸುರಿಸಿದರೆ, ಅಲ್ಲಿ ಹಿಂಸೆ ನಡೆದಿದೆ ಎಂದು ಹೇಳಲು ಶಾಸ್ತ್ರಜ್ಞಾನವು ಬೇಕಾಗಿಲ್ಲ. ಆದರೆ ಪೆಟ್ಟು ಇಂದು ಬಿದ್ದು, ಅದರ ಗಾಯವು ಮೂವತ್ತು ವರ್ಷಗಳ ಮೇಲೆ ಕಾಣಿಸಿಕೊಂಡರೆ? ಒಂದೊಂದು ಪೆಟ್ಟೂ ಅಲ್ಪವಾಗಿದ್ದು, ಅವುಗಳ ಮೊತ್ತ ಮಾತ್ರ ಘೋರವಾಗಿದ್ದರೆ? ಪೆಟ್ಟಿಗೂ ರೋಗಕ್ಕೂ ಇರುವ ಸಂಬಂಧವನ್ನು ತಜ್ಞರು ಇನ್ನೂ ಪೂರ್ತಿಯಾಗಿ ಬಿಡಿಸಿ ಹೇಳಲಾರದ ಸ್ಥಿತಿಯಲ್ಲಿದ್ದರೆ? ಆಗ ಹೊಣೆ ಯಾರದು? ಆ ಹೊಣೆಯು ಎಂದಿನಿಂದ ಪ್ರಾರಂಭವಾಗುತ್ತದೆ?

ಈ ಪ್ರಶ್ನೆಗಳು ಕೇವಲ ತರ್ಕದ ವಿನೋದಕ್ಕಾಗಿ ಎತ್ತಿದವಲ್ಲ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಂದ ಉಂಟಾಗುವ ಮಿದುಳಿನ ರೋಗವೊಂದರ ಸಂಶೋಧನೆಯ ಇತಿಹಾಸವು ಇವನ್ನು ನಮ್ಮ ಮುಂದೆ ಇಡುತ್ತದೆ. ವೈದ್ಯರು ಈ ರೋಗವನ್ನು ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ ಎಂದೂ, ಸಂಕ್ಷೇಪವಾಗಿ ಸಿ.ಟಿ.ಇ. ಎಂದೂ ಕರೆಯುತ್ತಾರೆ. ಇದರ ಘಟನೆಗಳು ಬಹುಮಟ್ಟಿಗೆ ಅಮೆರಿಕ ಮತ್ತು ಬ್ರಿಟನ್ ದೇಶಗಳಲ್ಲಿ ನಡೆದವು. ಆದರೆ ಅವುಗಳಿಂದ ಹುಟ್ಟುವ ನೈತಿಕ ಪ್ರಶ್ನೆಗೆ ದೇಶದ ಗಡಿ ಇಲ್ಲ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಮಿದುಳು ತಲೆಬುರುಡೆಯೊಳಗೆ ದ್ರವದ ನಡುವೆ ಇರುವ ಬಹು ಮೃದುವಾದ ಅಂಗ. ತಲೆಗೆ ಪೆಟ್ಟು ಬಿದ್ದಾಗ, ಅಥವಾ ವೇಗವಾಗಿ ಓಡುವ ದೇಹವು ಥಟ್ಟನೆ ತಡೆಯಲ್ಪಟ್ಟಾಗ, ಬುರುಡೆ ನಿಂತರೂ ಒಳಗಿನ ಮಿದುಳು ಅಲುಗುತ್ತದೆ, ಜಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಶಿರಸ್ತ್ರಾಣವು ಬುರುಡೆ ಒಡೆಯದಂತೆ ಕಾಪಾಡಬಲ್ಲದು. ಒಳಗಿನ ಈ ಅಲುಗಾಟವನ್ನು ಅದು ನಿಲ್ಲಿಸಲಾರದು. ನರಕೋಶಗಳ ಒಳರಚನೆಯನ್ನು ಹಿಡಿದು ನಿಲ್ಲಿಸುವ ಟೌ ಎಂಬ ಪ್ರೋಟೀನು ಕೆಲವರಲ್ಲಿ ಕಾಲಕ್ರಮೇಣ ತನ್ನ ಸ್ಥಾನದಿಂದ ಕಳಚಿ, ಗಂಟುಕಟ್ಟಿಕೊಂಡು, ಮಿದುಳಿನ ಮಡಿಕೆಗಳ ಆಳದಲ್ಲಿ ಸಣ್ಣ ರಕ್ತನಾಳಗಳ ಸುತ್ತ ಸೇರಿಕೊಳ್ಳುತ್ತದೆ. ಇದೇ ಈ ರೋಗದ ಗುರುತು. ರೋಗಿಯಲ್ಲಿ ಮರೆವು, ಕಾರಣವಿಲ್ಲದ ಕೋಪ, ಖಿನ್ನತೆ, ವಿವೇಚನೆಯ ಕುಸಿತ ಕಾಣಿಸಿಕೊಂಡು, ಕೊನೆಗೆ ಪೂರ್ಣ ಬುದ್ಧಿಭ್ರಮಣೆಯೂ ಆಗಬಹುದು.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಎಚ್ಚರ ತಪ್ಪಿಸುವಂಥ ದೊಡ್ಡ ಪೆಟ್ಟುಗಳೇ ಇದಕ್ಕೆ ಕಾರಣವೆಂದು ಮೊದಲು ಭಾವಿಸಲಾಗಿತ್ತು. 2023ರಲ್ಲಿ ಪ್ರಕಟವಾದ, 631 ಮಂದಿ ಮೃತ ಆಟಗಾರರ ಮಿದುಳುಗಳನ್ನು ಆಧರಿಸಿದ ಅಧ್ಯಯನವು ಬೇರೆಯದನ್ನು ಹೇಳಿತು. ವೈದ್ಯರು ದಾಖಲಿಸಿದ ಕನ್ಕಷನ್‌ಗಳ ಸಂಖ್ಯೆಗಿಂತ, ಆಯುಷ್ಯದಲ್ಲಿ ತಲೆಯು ತಾಳಿದ ಎಲ್ಲ ಸಣ್ಣ ದೊಡ್ಡ ಪೆಟ್ಟುಗಳ ಒಟ್ಟು ಬಲವೇ ರೋಗಕ್ಕೆ ಹೆಚ್ಚು ಸಮೀಪವಾಗಿ ಹೊಂದಿಕೊಂಡಿತು. ಯಾರೂ ಎಣಿಸದ, ಆಟಗಾರನೇ ಮರೆತುಬಿಟ್ಟ ಪೆಟ್ಟುಗಳೂ ಲೆಕ್ಕಕ್ಕೆ ಸೇರಿದ್ದವು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಪ್ರತಿಯೊಂದು ಪೆಟ್ಟೂ ಒಂದು ಮುದ್ದತು ಹುಂಡಿ. ಬರೆದ ದಿನ ಅದರ ಭಾರ ತಿಳಿಯುವುದಿಲ್ಲ. ಮುದ್ದತು ತುಂಬಿ ಹಣ ಕೇಳಲು ಬಂದಾಗ, ಆಟ ಮುಗಿದಿರುತ್ತದೆ, ಜನರ ಚಪ್ಪಾಳೆ ನಿಂತಿರುತ್ತದೆ; ತೀರಿಸಬೇಕಾದವರು ಆ ಮನುಷ್ಯನ ಮುಪ್ಪು ಮತ್ತು ಅವನ ಹೆಂಡತಿ ಮಕ್ಕಳು.

ಈ ರೋಗದ ಅರಿವು ಹೊಸದಲ್ಲ. ಅಮೆರಿಕದ ನ್ಯೂಜೆರ್ಸಿಯ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅವರು 1928ರಲ್ಲಿಯೇ ಬಾಕ್ಸಿಂಗ್ ಆಟಗಾರರ ಈ ಸ್ಥಿತಿಯನ್ನು ಕುರಿತು ಬರೆದರು. ತಡವರಿಸುವ ನಡಿಗೆ, ತೊದಲುವ ಮಾತು, ಮಂದವಾದ ಬುದ್ಧಿ, ಕುಡಿಯದೆಯೇ ಕುಡಿದವರಂತಿರುವ ವರ್ತನೆ. ಇಂಥವರನ್ನು ಪಂಚ್ ಡ್ರಂಕ್, ಅಂದರೆ ಗುದ್ದಿನ ಅಮಲೇರಿದವರು, ಎಂದು ಕರೆಯುತ್ತಿದ್ದರು. ಈ ಹೆಸರು ವೈದ್ಯರು ಇಟ್ಟದ್ದಲ್ಲ. ಬಾಕ್ಸಿಂಗ್ ಕಣದ ಸುತ್ತಲಿನ ಜನರೇ ಹಾಸ್ಯಕ್ಕೆ ಬಳಸುತ್ತಿದ್ದುದು. ಎಂದರೆ ವೈದ್ಯಶಾಸ್ತ್ರಕ್ಕಿಂತ ಮೊದಲೇ ನೋಟಕರಿಗೆ ವಿಷಯ ಗೊತ್ತಿತ್ತು. ಗೊತ್ತಿದ್ದೂ ಅವರು ನಕ್ಕಿದ್ದರು. 1949ರಲ್ಲಿ ಬ್ರಿಟನ್ನಿನ ನರರೋಗತಜ್ಞ ಮ್ಯಾಕ್‌ಡೊನಾಲ್ಡ್ ಕ್ರಿಚ್ಲಿ ಅವರು ಈಗಿನ ಹೆಸರನ್ನು ಬಳಸಿ ಲೇಖನ ಬರೆದರು. 1969ರಲ್ಲಿ ಎ.ಎಚ್. ರಾಬರ್ಟ್ಸ್ ಅವರು 224 ಮಂದಿ ಬ್ರಿಟಿಷ್ ಮಾಜಿ ವೃತ್ತಿ ಬಾಕ್ಸರುಗಳನ್ನು ಪರೀಕ್ಷಿಸಿ, ನೂರಕ್ಕೆ 17 ಮಂದಿಯಲ್ಲಿ ನರಮಂಡಲದ ಹಾನಿಯನ್ನು ಕಂಡರು. 1973ರಲ್ಲಿ ಕಾರ್ಸೆಲಿಸ್ ಮತ್ತು ಅವರ ಸಹೋದ್ಯೋಗಿಗಳು 15 ಮಂದಿ ಬಾಕ್ಸರುಗಳ ಮಿದುಳುಗಳನ್ನು ಪರೀಕ್ಷಿಸಿ ಒಳಗಿನ ವಿಕಾರಗಳನ್ನು ವಿವರಿಸಿದರು. ಇಷ್ಟಾದರೂ ಲೋಕವು ಇದನ್ನು ಬಾಕ್ಸಿಂಗ್ ಕಣದ ರೋಗವೆಂದು ಬದಿಗಿಟ್ಟಿತು. ಆ ಕಣಕ್ಕೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಬಡವರ ಮಕ್ಕಳು ಎಂಬುದನ್ನು ಇಲ್ಲಿ ನೆನೆಯಬೇಕು.

ಮುಂದಿನ ಅಧ್ಯಾಯವು ಅಮೆರಿಕನ್ ಫುಟ್‌ಬಾಲಿನದು. ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಶಿರಸ್ತ್ರಾಣ ಧರಿಸಿದ ಭಾರೀ ದೇಹಗಳು ಒಂದನ್ನೊಂದು ಢಿಕ್ಕಿ ಹೊಡೆಯುವ ಆಟ. ಇದರಲ್ಲಿ 17 ಋತುಗಳ ಕಾಲ ಆಡಿ, ನಾಲ್ಕು ಬಾರಿ ತನ್ನ ತಂಡದೊಂದಿಗೆ ಅತ್ಯುನ್ನತ ಪ್ರಶಸ್ತಿ ಗಳಿಸಿದ ಮೈಕ್ ವೆಬ್‌ಸ್ಟರ್ ಅವರು, ಕೊನೆಯ ವರ್ಷಗಳಲ್ಲಿ ನೆನಪು ಕಳೆದುಕೊಂಡು, ನೆಲೆ ಕಳೆದುಕೊಂಡು, ಎಷ್ಟೋ ರಾತ್ರಿಗಳನ್ನು ತಮ್ಮ ವಾಹನದಲ್ಲಿಯೇ ಕಳೆಯುತ್ತ, 2002ರಲ್ಲಿ ತಮ್ಮ 50ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಿಟ್ಸ್‌ಬರ್ಗ್ ನಗರದಲ್ಲಿ ಮರಣೋತ್ತರ ಪರೀಕ್ಷೆ ನಡೆಸಿದವರು ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಲು. ಬರಿಗಣ್ಣಿಗೆ ಆ ಮಿದುಳು ಸಹಜವಾಗಿಯೇ ಕಂಡಿತು. ಆದರೂ ಅವರು ತಮ್ಮ ಸ್ವಂತ ಖರ್ಚಿನಿಂದ ಸೂಕ್ಷ್ಮ ಪರೀಕ್ಷೆ ಮಾಡಿಸಿ, ರೋಗವನ್ನು ಗುರುತಿಸಿ, 2005ರಲ್ಲಿ ಪ್ರಕಟಿಸಿದರು.

ಆ ಆಟವನ್ನು ನಡೆಸುವ ನ್ಯಾಷನಲ್ ಫುಟ್‌ಬಾಲ್ ಲೀಗ್ 1994ರಲ್ಲಿ ತಲೆಪೆಟ್ಟಿನ ವಿಚಾರಕ್ಕಾಗಿ ಒಂದು ಸಮಿತಿಯನ್ನು ರಚಿಸಿತ್ತು. ಅದರ ಮೊದಲ ಅಧ್ಯಕ್ಷರು ನರರೋಗತಜ್ಞರಲ್ಲ, ಕೀಲುರೋಗಗಳ ವೈದ್ಯರು. ಒಮಲು ಅವರ ಲೇಖನ ಬಂದ ಕೂಡಲೇ ಆ ಸಮಿತಿಯ ಮೂವರು ಸದಸ್ಯರು ಅದನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆದರು. ಪತ್ರಿಕೆ ಒಪ್ಪಲಿಲ್ಲ. ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಲೀಗಿನ ಮಾಲೀಕರ ಮತ್ತು ಆಟಗಾರರ ಪ್ರತಿನಿಧಿಗಳು ಒಟ್ಟಿಗೆ ಕುಳಿತು ನಡೆಸುತ್ತಿದ್ದ ನಿವೃತ್ತಿ ಮಂಡಳಿಯು, ವೆಬ್‌ಸ್ಟರ್ ಅವರ ಅಶಕ್ತತೆಗೆ ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣವೆಂದು 1999ರಲ್ಲಿಯೇ ಒಪ್ಪಿ ವೇತನ ಮಂಜೂರು ಮಾಡಿತ್ತು. ಒಂದು ಪುಸ್ತಕದಲ್ಲಿ ಸಾಲವನ್ನು ಜಮಾ ಮಾಡಿಕೊಂಡು, ಪೇಟೆಗೆ ತೋರಿಸುವ ಇನ್ನೊಂದು ಪುಸ್ತಕದಲ್ಲಿ ಅಂಥ ಸಾಲವೇ ಇಲ್ಲವೆನ್ನುವ ಅಂಗಡಿಯನ್ನು ನಾವು ಏನೆಂದು ಕರೆಯುತ್ತೇವೆ? ಆ ರೋಗಕ್ಕೂ ಆಟಕ್ಕೂ ಸಂಬಂಧವಿದೆಯೆಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ಜನಪ್ರತಿನಿಧಿಗಳ ಮುಂದೆ ಬಾಯಿಬಿಟ್ಟು ಒಪ್ಪಿದ್ದು 2016ರ ಮಾರ್ಚ್‌ನಲ್ಲಿ.

ಈ ನಡುವೆ ಸಂಶೋಧನೆ ಮುಂದುವರಿದಿತ್ತು. 2017ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಆನ್ ಮಕೀ ಮತ್ತು ಅವರ ಸಹೋದ್ಯೋಗಿಗಳು ಒಂದು ವರದಿಯನ್ನು ಪ್ರಕಟಿಸಿದರು. ದಾನವಾಗಿ ಬಂದ 202 ಫುಟ್‌ಬಾಲ್ ಆಟಗಾರರ ಮಿದುಳುಗಳಲ್ಲಿ 177ರಲ್ಲಿ ರೋಗವಿತ್ತು. ನ್ಯಾಷನಲ್ ಲೀಗಿನಲ್ಲಿ ಆಡಿದ 111 ಮಂದಿಯ ಪೈಕಿ 110 ಮಂದಿಯಲ್ಲಿತ್ತು. ಸಂಖ್ಯೆಯು ಎದೆ ನಡುಗಿಸುವಂಥದು. ಆದರೆ ಆ ಸಂಶೋಧಕರೇ ಅದೇ ಲೇಖನದಲ್ಲಿ ಒಂದು ಎಚ್ಚರಿಕೆಯನ್ನೂ ಬರೆದರು. ತಮ್ಮವರಲ್ಲಿ ಏನೋ ವಿಕಾರ ಕಂಡ ಕುಟುಂಬಗಳೇ ಹೆಚ್ಚಾಗಿ ಮಿದುಳನ್ನು ದಾನ ಮಾಡುತ್ತವೆ. ಆದುದರಿಂದ ಈ ಲೆಕ್ಕವನ್ನು ಎಲ್ಲ ಆಟಗಾರರಿಗೂ ಅನ್ವಯಿಸಬಾರದು. ತನಗೆ ಅನುಕೂಲವಾದ ಸಂಖ್ಯೆಯ ದೋಷವನ್ನು ತಾನೇ ಹೇಳುವುದು ಸತ್ಯನಿಷ್ಠೆಯ ಲಕ್ಷಣ.

ಇನ್ನೊಂದು ಕಷ್ಟವೆಂದರೆ, ಈ ರೋಗವನ್ನು ಖಚಿತವಾಗಿ ಹೇಳುವುದು ಇಂದಿಗೂ ಮರಣಾನಂತರವೇ ಸಾಧ್ಯ. ಜೀವಂತ ಮನುಷ್ಯನಲ್ಲಿ ಇದನ್ನು ಗುರುತಿಸುವ ದಾರಿಗಳನ್ನು ಹುಡುಕಲೆಂದು 2015ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಯೋಜನೆ ಪ್ರಾರಂಭವಾಯಿತು. ಮಾಜಿ ವೃತ್ತಿ ಆಟಗಾರರು 120 ಮಂದಿ, ಕಾಲೇಜು ಮಟ್ಟದಲ್ಲಿ ಆಡಿದವರು 60 ಮಂದಿ, ತಲೆಪೆಟ್ಟಿನ ಆಟ ಆಡದವರು 60 ಮಂದಿ, ಹೀಗೆ 240 ಪುರುಷರು ತಮ್ಮನ್ನು ಪರೀಕ್ಷೆಗೆ ಒಡ್ಡಿಕೊಂಡರು. 2019ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ವಿಶೇಷ ಸ್ಕ್ಯಾನಿಂಗ್ ಮೂಲಕ 26 ಮಾಜಿ ಆಟಗಾರರ ಮಿದುಳಿನಲ್ಲಿ ಟೌ ಪ್ರೋಟೀನು ಹೆಚ್ಚಾಗಿರುವುದು, ಆಡಿದ ವರ್ಷಗಳೊಂದಿಗೆ ಅದು ಏರುವುದು ಕಂಡಿತು. ಆದರೆ ಬುದ್ಧಿಪರೀಕ್ಷೆಯ ಅಂಕಗಳೊಂದಿಗೆ ಅದು ಹೊಂದಲಿಲ್ಲ. ಒಬ್ಬ ವ್ಯಕ್ತಿಗೆ ರೋಗವಿದೆ, ಇಲ್ಲ ಎಂದು ಅದರಿಂದ ಹೇಳಲು ಬರುವುದಿಲ್ಲ. 2021ರಲ್ಲಿ ತಜ್ಞರು ಜೀವಂತ ರೋಗಿಗಳ ಲಕ್ಷಣಗಳಿಗೆ ಮಾನದಂಡಗಳನ್ನು ರೂಪಿಸಿದರು. ಅವೂ ಮುಖ್ಯವಾಗಿ ಸಂಶೋಧನೆಯ ಉಪಯೋಗಕ್ಕಾಗಿ.

ಎಂದರೆ ಜ್ಞಾನವು ಇನ್ನೂ ಅಪೂರ್ಣ. ಇದು ನಿಜ, ಇದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮ ಪ್ರಶ್ನೆ ಇಲ್ಲಿಯೇ ತೀಕ್ಷ್ಣವಾಗುತ್ತದೆ. "ಇನ್ನೂ ಪೂರ್ತಿಯಾಗಿ ಸಿದ್ಧವಾಗಿಲ್ಲ" ಎಂಬ ಒಂದೇ ವಾಕ್ಯವು ಎರಡು ಬಾಯಿಗಳಿಂದ ಬರುತ್ತದೆ. ಸಂಶೋಧಕನು ಹೇಳಿದಾಗ ಅದರ ಅರ್ಥ, ಇನ್ನೂ ಹುಡುಕೋಣ, ಅಲ್ಲಿಯವರೆಗೆ ಜೋಪಾನವಾಗಿರೋಣ ಎಂದು. ಲಾಭ ಪಡೆಯುವವನು ಹೇಳಿದಾಗ ಅದರ ಅರ್ಥ, ಅಲ್ಲಿಯವರೆಗೆ ಹೀಗೆಯೇ ನಡೆಯಲಿ ಎಂದು. ಅಕ್ಷರಗಳು ಅವೇ ಆದರೂ ಮೊದಲನೆಯದು ವಿನಯ, ಎರಡನೆಯದು ವಂಚನೆ. ಇವೆರಡನ್ನು ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಇದೆ. ಸಂದೇಹವು ಬಗೆಹರಿಯುವವರೆಗೆ ಕಾಯುವ ಖರ್ಚನ್ನು ಯಾರು ಕೊಡುತ್ತಿದ್ದಾರೆ ಎಂದು ಕೇಳಬೇಕು. ಕಾಯುವವನೇ ಕೊಡುತ್ತಿದ್ದರೆ ಅದು ಅವನ ಸ್ವಾತಂತ್ರ್ಯ. ಕಾಯುವವನು ಒಬ್ಬ, ಕೊಡುವವನು ಇನ್ನೊಬ್ಬನಾದರೆ ಅದು ಅನ್ಯಾಯ.

ವಿನಯದ ಮಾರ್ಗಕ್ಕೆ ಒಂದು ಉದಾಹರಣೆಯೂ ಇದೆ. 2019ರಲ್ಲಿ ಸ್ಕಾಟ್ಲೆಂಡಿನ ವಿಲ್ಲಿ ಸ್ಟುವರ್ಟ್ ಮತ್ತು ಅವರ ತಂಡ, ನಾವು ಬಲ್ಲ ಫುಟ್‌ಬಾಲ್ ಆಡಿದ 7,676 ಮಾಜಿ ವೃತ್ತಿ ಆಟಗಾರರನ್ನು 23,028 ಸಾಮಾನ್ಯ ಜನರೊಂದಿಗೆ ಹೋಲಿಸಿ ನೋಡಿತು. ಮಿದುಳು ಕ್ಷಯಿಸುವ ರೋಗಗಳಿಂದ ಆಟಗಾರರಲ್ಲಿ ಆದ ಸಾವು ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿತ್ತು. ಅದೇ ಅಧ್ಯಯನದಲ್ಲಿ ಆಟಗಾರರಿಗೆ ಹೃದ್ರೋಗದ ಸಾವು ಕಡಿಮೆಯೆಂದೂ ಕಂಡಿತು. ಜಮಾ ಮತ್ತು ಖರ್ಚು ಎರಡನ್ನೂ ಅವರು ಬರೆದರು. ಚೆಂಡನ್ನು ತಲೆಯಿಂದ ಹೊಡೆಯುವುದೇ ಕಾರಣವೆಂದು ಆ ಅಧ್ಯಯನ ಸಾಧಿಸಿರಲಿಲ್ಲ. ಆದರೂ 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗಳು ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ತಲೆಯಿಂದ ಚೆಂಡು ಹೊಡೆಸುವುದನ್ನು ನಿಲ್ಲಿಸಿದವು. ಆಟ ನಿಲ್ಲಲಿಲ್ಲ, ಮಕ್ಕಳ ಸಂತೋಷವೂ ನಿಲ್ಲಲಿಲ್ಲ. ಅಪೂರ್ಣ ಜ್ಞಾನದಲ್ಲಿಯೂ ಹೊಣೆಯನ್ನು ಪೂರ್ಣವಾಗಿ ಹೊರಬಹುದು ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಪ್ರಾಯಕ್ಕೆ ಬಂದವನು ಹಣಕ್ಕಾಗಿಯೋ ಕೀರ್ತಿಗಾಗಿಯೋ ತಾನೇ ಒಪ್ಪಿ ಕಣಕ್ಕೆ ಇಳಿದರೆ ಅನ್ಯರು ಏಕೆ ಕೊರಗಬೇಕು ಎಂದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಮನುಷ್ಯನು ತನ್ನ ದೇಹದ ಒಡೆಯನೆಂಬುದು ನಿಜ. ಆದರೆ ಒಪ್ಪಿಗೆ ಎಂಬುದು ತಿಳಿವಳಿಕೆಯ ಮೇಲೆ ನಿಂತಿದೆ. ಸರಕಿನ ದೋಷವನ್ನು ಮುಚ್ಚಿಟ್ಟು ಮಾಡಿದ ಕ್ರಯವನ್ನು ಯಾವ ಪೇಟೆಯೂ ನ್ಯಾಯವೆನ್ನುವುದಿಲ್ಲ. ಮಕ್ಕಳ ವಿಷಯದಲ್ಲಿ ಒಪ್ಪಿಗೆಯ ಮಾತೇ ಏಳುವುದಿಲ್ಲ. ಮೂವತ್ತು ತುಂಬುವ ಮೊದಲೇ ತೀರಿಕೊಂಡ 152 ಆಟಗಾರರ ಮಿದುಳುಗಳಲ್ಲಿ 63ರಲ್ಲಿ ರೋಗದ ಗುರುತು ಕಂಡಿತೆಂದು 2023ರ ವರದಿ ಹೇಳುತ್ತದೆ. ಇದೂ ದಾನವಾಗಿ ಬಂದ ಮಿದುಳುಗಳ ಲೆಕ್ಕವೇ ಎಂಬುದನ್ನು ಮರೆಯದಿರೋಣ. ಆದರೆ ಆ ವಯಸ್ಸಿಗೆ ರೋಗ ಬರಲು ಪೆಟ್ಟುಗಳು ಎಷ್ಟು ಬೇಗ ಪ್ರಾರಂಭವಾಗಿರಬೇಕೆಂಬುದನ್ನೂ ಯೋಚಿಸೋಣ. ಕೊನೆಯದಾಗಿ, ಈ ರೋಗವು ಕೈಯನ್ನೋ ಕಾಲನ್ನೋ ಕೇಳುವುದಿಲ್ಲ. ಒಪ್ಪಿಗೆ ಕೊಟ್ಟ ಮನಸ್ಸನ್ನೇ ಕೇಳುತ್ತದೆ. ಇಪ್ಪತ್ತರ ಯುವಕನು ಸಹಿ ಹಾಕಿದ ಪತ್ರದ ಸಾಲವನ್ನು ತೀರಿಸುವ ಐವತ್ತರ ಮನುಷ್ಯನಿಗೆ ಆ ಸಹಿಯ ನೆನಪೂ ಇರುವುದಿಲ್ಲ.

ಪರಿಹಾರ ಕೊಡುವಾಗಲೂ ತಕ್ಕಡಿ ನೇರವಾಗಿರಲಿಲ್ಲ. ಮಾಜಿ ಆಟಗಾರರ ಮೊಕದ್ದಮೆಯಲ್ಲಿ 2015ರಲ್ಲಿ ನ್ಯಾಯಾಲಯವು ರಾಜಿಯನ್ನು ಒಪ್ಪಿತು. ಬುದ್ಧಿಶಕ್ತಿ ಎಷ್ಟು ಕುಸಿದಿದೆ ಎಂಬುದರ ಮೇಲೆ ಪರಿಹಾರ ನಿಂತಿತ್ತು. ಆ ಕುಸಿತವನ್ನು ಅಳೆಯುವ ಪರೀಕ್ಷೆಗಳಲ್ಲಿ, ಕಪ್ಪು ವರ್ಣದವರ ಮೂಲ ಬುದ್ಧಿಮಟ್ಟವೇ ಕಡಿಮೆಯೆಂದು ಹಿಡಿಯುವ ಕ್ರಮ ಬಳಕೆಯಲ್ಲಿತ್ತು. ಒಂದೇ ಅಂಕ ಬಂದ ಇಬ್ಬರಲ್ಲಿ ಬಿಳಿಯನು ರೋಗಿ, ಕರಿಯನು ರೋಗಿಯಲ್ಲ ಎಂದು ತೀರ್ಮಾನವಾಗುವ ಸಾಧ್ಯತೆ ಇತ್ತು. ಆಟಗಾರರು ಪ್ರತಿಭಟಿಸಿದ ಮೇಲೆ 2021ರಲ್ಲಿ ಲೀಗ್ ಈ ಕ್ರಮವನ್ನು ಕೈಬಿಡಲು ಒಪ್ಪಿತು; 2022ರಲ್ಲಿ ನ್ಯಾಯಾಲಯ ಬದಲಾವಣೆಯನ್ನು ಅಂಗೀಕರಿಸಿತು. ಗಿರಾಕಿಯ ಮುಖ ನೋಡಿ ಬೇರೆ ಬೇರೆ ತೂಕದ ಕಲ್ಲು ಹಾಕುವುದು ಕಳ್ಳತನವೆಂದು ನಮ್ಮ ಹಿರಿಯರು ಅಂಗಡಿಯಲ್ಲಿ ಕಲಿಸಿದ್ದರು. ಆ ಪಾಠವು ಅಂಗಡಿಗೆ ಮಾತ್ರ ಸೀಮಿತವಲ್ಲ.

ಇನ್ನು ನೋಡುವವರ ಮಾತು. ಹಿಂಸೆಯು ಮಾಡುವುದರಿಂದ, ಮಾಡಿಸುವುದರಿಂದ, ಮೆಚ್ಚುವುದರಿಂದ ಮೂರು ಬಗೆಯಾಗಿ ಆಗುತ್ತದೆ ಎಂಬ ವಿವೇಚನೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಈ ಮೂರರಲ್ಲಿ ಕೊನೆಯದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಮನೆಯಲ್ಲಿ ಕುಳಿತು ದೂರದರ್ಶನದ ಪರದೆಯ ಮೇಲೆ ಬಾಕ್ಸಿಂಗ್ ನೋಡುವವನ ಕೈ ಯಾರನ್ನೂ ಮುಟ್ಟಿಲ್ಲ. ಆದರೆ ಆ ನೋಟಕ್ಕೆ ಬೆಲೆಯಿರುವುದರಿಂದಲೇ ಆ ಪೆಟ್ಟಿಗೂ ಬೆಲೆ ಬಂದಿದೆ. ನೆಲಕ್ಕೆ ಉರುಳಿದವನನ್ನು ಮತ್ತೆ ಮತ್ತೆ ನಿಧಾನಗತಿಯಲ್ಲಿ ತೋರಿಸುವುದು ನಾವು ಅದನ್ನು ಮೆಚ್ಚುತ್ತೇವೆ ಎಂಬ ನಂಬಿಕೆಯಿಂದ. ಕ್ರೀಡೆಯೆಲ್ಲ ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಶರೀರದ ಕೌಶಲವನ್ನು ಮೆಚ್ಚುವುದು ಬೇರೆ, ಶರೀರದ ನಾಶವನ್ನು ಮೆಚ್ಚುವುದು ಬೇರೆ. ನಮ್ಮ ಸಂತೋಷವು ಇವೆರಡರಲ್ಲಿ ಯಾವುದರಿಂದ ಬಂದಿದೆ ಎಂದು ಒಳಗೆ ನೋಡಿಕೊಳ್ಳಬೇಕು.

ನೋಟಕರೇ ಇಲ್ಲದ ಪೆಟ್ಟುಗಳೂ ಇವೆ. ಗಂಡನಿಂದ ವರ್ಷಗಟ್ಟಲೆ ಹೊಡೆಸಿಕೊಂಡಿದ್ದ ಒಬ್ಬ ಹೆಂಗಸಿನ ಮಿದುಳಿನಲ್ಲಿ ಬಾಕ್ಸರುಗಳಲ್ಲಿ ಕಾಣುವಂಥದೇ ವಿಕಾರಗಳು ಕಂಡವೆಂದು 1990ರಲ್ಲಿ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಆಕೆಗೆ ಶಿರಸ್ತ್ರಾಣವಿರಲಿಲ್ಲ, ಆಟದ ನಿಯಮಗಳಿರಲಿಲ್ಲ, ಪೆಟ್ಟುಗಳನ್ನು ಎಣಿಸುವವರಿರಲಿಲ್ಲ. ಅಂಥ ಸ್ತ್ರೀಯರ ವಿಷಯದಲ್ಲಿ ನಡೆದ ಸಂಶೋಧನೆಯು ಆಟಗಾರರ ವಿಷಯದಲ್ಲಿ ನಡೆದುದಕ್ಕಿಂತ ಬಹಳ ಕಡಿಮೆ. ಈ ರೋಗದ ಮಾತು ಬಂದಾಗ ದೂರದ ಮೈದಾನವನ್ನು ಮಾತ್ರ ನೆನೆದು, ಮುಚ್ಚಿದ ಬಾಗಿಲ ಹಿಂದಿನದನ್ನು ಮರೆತರೆ ನಮ್ಮ ಕರುಣೆ ಅರ್ಧವಾಗುತ್ತದೆ.

ಕರುಣೆಯ ಹೆಸರಿನಲ್ಲಿ ಭಯ ಹುಟ್ಟಿಸುವುದೂ ತಪ್ಪು. ತಲೆಗೆ ಪೆಟ್ಟು ಬಿದ್ದವರೆಲ್ಲರಿಗೂ ಈ ರೋಗ ಬರುವುದಿಲ್ಲ. ಮಾಜಿ ಆಟಗಾರನ ಖಿನ್ನತೆ, ನಿದ್ರಾಹೀನತೆ, ಮರೆವು ಇವುಗಳಿಗೆ ಚಿಕಿತ್ಸೆಗೆ ಬಗ್ಗುವ ಬೇರೆ ಕಾರಣಗಳೂ ಇರಬಹುದು. ತನಗೆ ಗುಣವಾಗದ ರೋಗ ಬಂದಿದೆ ಎಂದು ತಾನೇ ನಿಶ್ಚಯಿಸಿಕೊಂಡು ನಿರಾಶನಾಗುವವನಿಗೆ ವೈದ್ಯನು ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಇನ್ನೂ ತಿಳಿಯದುದೂ ಆ ಸತ್ಯದ ಭಾಗವೇ.

ಡೇವ್ ಡ್ಯೂರ್ಸನ್ ಎಂಬ ಪ್ರಸಿದ್ಧ ಆಟಗಾರರು ಹಳೆಯ ಆಟಗಾರರ ಅಶಕ್ತತೆಯ ಅರ್ಜಿಗಳನ್ನು ಪರಿಶೀಲಿಸುವ ಮಂಡಳಿಯಲ್ಲಿ ಕುಳಿತಿದ್ದವರು. 2011ರಲ್ಲಿ ತಮ್ಮ ಜೀವನವನ್ನು ತಾವೇ ಮುಗಿಸಿಕೊಳ್ಳುವ ಮುನ್ನ, ತಮ್ಮ ಮಿದುಳನ್ನು ಸಂಶೋಧನೆಗೆ ಕೊಡಬೇಕೆಂದು ಅವರು ಕುಟುಂಬಕ್ಕೆ ತಿಳಿಸಿದ್ದರು. ಪರೀಕ್ಷೆಯಲ್ಲಿ ರೋಗವು ದೃಢಪಟ್ಟಿತು. ಅವರು ಆರಿಸಿಕೊಂಡ ಸಾವನ್ನು ನಾವು ಒಪ್ಪಲಾರೆವು. ಆ ದುಃಖದ ನಡುವೆಯೂ ಇತರರನ್ನು ನೆನೆದ ಮನಸ್ಸಿಗೆ ಮಾತ್ರ ತಲೆಬಾಗುತ್ತೇವೆ. ಈ ರೋಗದ ಕುರಿತು ಇಂದು ತಿಳಿದಿರುವುದೆಲ್ಲ ಬಹುಮಟ್ಟಿಗೆ ಇಂಥ ದಾನಗಳಿಂದ ಬಂದ ಜ್ಞಾನ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ 1995ರಿಂದ ಬ್ರೇನ್ ಬ್ಯಾಂಕ್ ಎಂಬ ಮಿದುಳಿನ ಸಂಗ್ರಹವಿದೆ. ನೇತ್ರದಾನವನ್ನು ಒಪ್ಪಿಕೊಂಡ ನಮ್ಮ ಸಮಾಜವು ಈ ದಾನದ ವಿಷಯವನ್ನೂ ಮನೆಗಳಲ್ಲಿ ಶಾಂತವಾಗಿ ಚರ್ಚಿಸಬಹುದು.

ಪೂರ್ಣ ಜ್ಞಾನ ಬರುವವರೆಗೆ ಕಾಯುವುದಾದರೆ ಸಾಮಾನ್ಯರಾದ ನಾವು ಯಾವ ಒಳ್ಳೆಯ ಕೆಲಸವನ್ನೂ ಪ್ರಾರಂಭಿಸಲಾರೆವು. ಕತ್ತಲೆಯಲ್ಲಿ ನಡೆಯುವವನು ಕೆಳಗೆ ಜೀವಿ ಇದೆಯೆಂದು ಸಿದ್ಧವಾದ ಮೇಲೆ ಕಾಲನ್ನು ಎತ್ತುವುದಿಲ್ಲ. ಇರಬಹುದು ಎಂಬ ಎಣಿಕೆಯಿಂದಲೇ ಮೆಲ್ಲಗೆ ಹೆಜ್ಜೆ ಇಡುತ್ತಾನೆ. ಮಗುವನ್ನು ಆಟಕ್ಕೆ ಕಳುಹಿಸುವ ತಂದೆತಾಯಿಗಳು, ಆಡಿಸುವ ಶಿಕ್ಷಕರು, ಲಾಭ ಪಡೆಯುವ ಸಂಸ್ಥೆಗಳು, ಕುಳಿತು ನೋಡುವ ನಾವು, ಎಲ್ಲರಿಗೂ ಅನ್ವಯಿಸುವ ನಡಿಗೆ ಅದೇ. ತಿಳಿಯದುದಕ್ಕೆ ಕ್ಷಮೆ ಇರಬಹುದು. ತಿಳಿಯಬಾರದೆಂದು ಕಣ್ಣು ಮುಚ್ಚಿಕೊಂಡುದಕ್ಕೆ ಇರಲಾರದು.